ಹೆಸರು ಬರೆಯಲು ಎಷ್ಟು ಜಾಗ ಬೇಕು?



“ದಿನವಿಡೀ ಮನೆಯಲ್ಲೇ ಕುಳಿತು ಕಂಪ್ಯೂಟರ್ ನೋಡುತ್ತೀಯಲ್ಲ, ಅದು ಎಂಥ ಕೆಲಸ?” ಬೆಟ್ಟದಪುರದ ನಮ್ಮ ಬೀದಿಯಲ್ಲಿ ನನಗೆ ಈ ಪ್ರಶ್ನೆ ಹಾಕದ ಹೆಂಗಸರಿಲ್ಲ. ನಿಮ್ಮಲ್ಲೂ ಹಲವರು ಇದನ್ನೇ ಕೇಳಿ ಪತ್ರ ಬರೆದಿದ್ದೀರಿ. ಆದ್ದರಿಂದ ಈ ತಿಂಗಳು ಒಂದು ವಾರದ ಕೆಲಸವನ್ನು ದಿನಕ್ಕೊಂದರಂತೆ ನಿಮ್ಮ ಮುಂದಿಡುತ್ತೇನೆ.

ನೀವು ಮೊಬೈಲಿನಲ್ಲಿ ಕರೆಂಟ್ ಬಿಲ್ಲು ಕಟ್ಟುತ್ತೀರಿ, ಪಹಣಿ ತೆಗೆಯುತ್ತೀರಿ, ಮಗಳ ಪರೀಕ್ಷೆಯ ಫಲಿತಾಂಶ ನೋಡುತ್ತೀರಿ. ಆಗ ತೆರೆದುಕೊಳ್ಳುವ ಪುಟಗಳನ್ನು ಕಟ್ಟುವವರೇ ವೆಬ್ ಡೆವಲಪರ್‌ಗಳು. ಮನೆ ಕಟ್ಟುವುದಕ್ಕೆ ಇದನ್ನು ಹೋಲಿಸಬಹುದು. ಎಚ್‌ಟಿಎಂಎಲ್ ಎಂಬುದು ಗೋಡೆ, ಸಿಎಸ್‌ಎಸ್ ಎಂಬುದು ಗಾರೆ ಮತ್ತು ಬಣ್ಣ, ಜಾವಾಸ್ಕ್ರಿಪ್ಟ್ ಎಂಬುದು ಒಳಗಿನ ನಲ್ಲಿ, ದೀಪ, ಸ್ವಿಚ್ಚು. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದಾಗ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆಯು ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಔದಾರ್ಯದಿಂದಲೇ ಇಂದು ಪಿರಿಯಾಪಟ್ಟಣ ತಾಲೂಕಿನ ಒಂದು ಮನೆಯ ಮೂಲೆಯಲ್ಲೂ ಈ ಕೆಲಸ ಸಾಧ್ಯವಾಗಿದೆ.

ಸೋಮವಾರ

ಬೆಳಗ್ಗೆ ಹತ್ತಕ್ಕೆ ಬೆಂಗಳೂರಿನ ಕಚೇರಿಯವರೊಂದಿಗೆ ವೀಡಿಯೋ ಸಭೆ. ವಾರದ ಕೆಲಸ ಹಂಚಿಕೆಯಾಯಿತು. ನನ್ನ ಪಾಲಿಗೆ ಬಂದದ್ದು ಒಂದು ವಿದ್ಯಾರ್ಥಿವೇತನದ ಅರ್ಜಿಯ ಪುಟ. ಕರಡನ್ನು ಬೇರೊಂದು ತಂಡ ಸಿದ್ಧಪಡಿಸಿತ್ತು. ಅದನ್ನು ಪರೀಕ್ಷಿಸಿ, ಕನ್ನಡದಲ್ಲೂ ತುಂಬುವಂತೆ ಮಾಡಿ, ಶನಿವಾರದೊಳಗೆ ಒಪ್ಪಿಸಬೇಕು.

ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಪ್ರತಿಯೊಂದಕ್ಕೂ ಎರಡೆರಡು ಚೌಕಗಳಿದ್ದವು. ಮೊದಲನೆಯದು ‘ಮೊದಲ ಹೆಸರು’, ಎರಡನೆಯದು ‘ಕೊನೆಯ ಹೆಸರು’. ಎರಡಕ್ಕೂ ಕೆಂಪು ನಕ್ಷತ್ರ, ಅಂದರೆ ತುಂಬಲೇಬೇಕು. ಪರೀಕ್ಷೆಗಾಗಿ ತಾಯಿಯ ಜಾಗದಲ್ಲಿ ನನ್ನ ಅತ್ತೆಯ ಹೆಸರನ್ನು ಬರೆದೆ. ಅವರದು ಒಂದೇ ಪದದ ಹೆಸರು. ಎರಡನೆಯ ಚೌಕ ಖಾಲಿ ಉಳಿಯಿತು, ಗುಂಡಿ ಒತ್ತಿದರೆ ಪುಟ ಮುಂದೆ ಹೋಗಲಿಲ್ಲ.

ಯೋಚಿಸಿ ನೋಡಿ. ಇಂತಹ ತಾಯಿಯ ಮಗಳೊಬ್ಬಳು ಕೊನೆಯ ದಿನದ ಸಂಜೆ ಅರ್ಜಿ ತುಂಬುತ್ತಿದ್ದಾಳೆ. ಅವಳಿಗೆ ಅಂಕವಿದೆ, ಅರ್ಹತೆಯಿದೆ. ಒಂದು ಖಾಲಿ ಚೌಕದಿಂದಾಗಿ ಅವಳು ಹಿಂದಿರುಗಬೇಕು. ಇಲ್ಲವೇ ಅಲ್ಲಿ ಏನನ್ನಾದರೂ ತುರುಕಿ, ಮುಂದೆ ಬ್ಯಾಂಕಿನಲ್ಲಿ ‘ಹೆಸರು ತಾಳೆಯಾಗುತ್ತಿಲ್ಲ’ ಎನಿಸಿಕೊಳ್ಳಬೇಕು.

ಮಂಗಳವಾರ

ನನ್ನ ಕಲಿಕೆಯ ಹೊತ್ತು ಬೆಳಗಿನ ನಮಾಝ್ ಮುಗಿದ ಮೇಲಿನ ಒಂದೂವರೆ ಗಂಟೆ. ಮಕ್ಕಳು ಏಳುವ ಮುನ್ನ ಸಿಗುವ ಸಮಯ ಅಷ್ಟೇ. ಈ ಕೆಲಸದಲ್ಲಿ ಕಲಿಕೆ ಮುಗಿಯಿತು ಎಂಬುದಿಲ್ಲ, ಹೋದ ವರ್ಷದ ವಿದ್ಯೆ ಈ ವರ್ಷಕ್ಕೆ ಸಾಲದು. ಅಂದು ಓದಿದ್ದು ಹೆಸರುಗಳ ಬಗ್ಗೆ. ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು ಜಗತ್ತಿನ ನಾನಾ ಕಡೆಗಳ ಹೆಸರುಗಳ ಕುರಿತು ಒಂದು ಮಾರ್ಗದರ್ಶಿಯನ್ನೇ ಬರೆದಿದೆ. ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರ್ 2010ರಲ್ಲಿ, ಹೆಸರುಗಳ ಬಗ್ಗೆ ಪ್ರೋಗ್ರಾಮರ್‌ಗಳು ಇಟ್ಟುಕೊಂಡಿರುವ ತಪ್ಪು ನಂಬಿಕೆಗಳ ದೊಡ್ಡ ಪಟ್ಟಿಯನ್ನು ಪ್ರಕಟಿಸಿದ್ದರು. ಎಲ್ಲರಿಗೂ ಕುಲನಾಮ ಇದ್ದೇ ಇರುತ್ತದೆ ಎಂಬುದೂ ಅಂತಹ ಒಂದು ನಂಬಿಕೆ.

ಇಂಡೋನೇಷ್ಯಾವನ್ನು ಆಳಿದ ಸುಕರ್ನೊ ಮತ್ತು ಸುಹಾರ್ತೊ ಇಬ್ಬರಿಗೂ ಇದ್ದದ್ದು ಒಂದೇ ಪದದ ಹೆಸರು. ಅಷ್ಟು ದೂರ ಹೋಗುವುದೇಕೆ, ನಮ್ಮಲ್ಲೇ ನೋಡೋಣ. ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ‘ಕೆ’ ಎಂದರೆ ಕೊಕ್ಕರೆ ಹೊಸಹಳ್ಳಿ ಎಂಬ ಊರು. ಇದನ್ನು ಮೊದಲ ಹೆಸರಿನ ಚೌಕಕ್ಕೆ ಹಾಕುವುದೋ, ಕೊನೆಯದಕ್ಕೋ? 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಹೆಸರಿನಲ್ಲಿ ‘ಬಾನು’ ಮೊದಲಿಗಿದೆ, ಮುಷ್ತಾಕ್ ಎಂಬುದು ಪತಿಯ ಹೆಸರು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ‘ಬಾನು’ ಹೆಸರಿನ ಕೊನೆಯಲ್ಲಿ ಬರುತ್ತದೆ. ಅಕ್ಕ ಬಾನು, ತಂಗಿ ಬೇಗಂ, ತಮ್ಮ ಪಾಷ ಆಗಿರುತ್ತಾರೆ. ಒಂದೇ ತಾಯಿಯ ಮಕ್ಕಳಾದರೂ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ಬೇರೆ ಬೇರೆ ಕುಟುಂಬದವರು!

ಇದು ನಗುವ ಮಾತಷ್ಟೇ ಅಲ್ಲ. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಯುಎಇ ಪ್ರವೇಶವಿಲ್ಲ ಎಂಬ ಸೂಚನೆಯನ್ನು ವಿಮಾನ ಕಂಪೆನಿಗಳು ಪ್ರಕಟಿಸಿದವು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆದೀತೆಂಬ ವಿವರಣೆ ಬಂದದ್ದು ಆಮೇಲೆ. ಗಲ್ಫಿನಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಆ ದಿನಗಳ ಗಾಬರಿ ನೆನಪಿರಬಹುದು.

ಬುಧವಾರ

ಇಡೀ ದಿನ ಕನ್ನಡ ಅಕ್ಷರಗಳ ಎಣಿಕೆಯಲ್ಲೇ ಕಳೆಯಿತು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ‘ಬೆಟ್ಟದಪುರ’ ಎಂದರೆ ಶಾಲೆಯ ಮಗುವಿಗೆ ಐದು ಅಕ್ಷರ: ಬೆ, ಟ್ಟ, ದ, ಪು, ರ. ಕಂಪ್ಯೂಟರಿಗೆ ಮಾತ್ರ ಒಂಬತ್ತು. ಬಕಾರ ಒಂದು, ಅದರ ಎತ್ವ ಇನ್ನೊಂದು. ‘ಟ್ಟ’ದಲ್ಲಿ ಟಕಾರ, ಅರ್ಧಾಕ್ಷರದ ಗುರುತು, ಮತ್ತೊಂದು ಟಕಾರ ಎಂದು ಮೂರು. ಯುನಿಕೋಡ್ ಪದ್ಧತಿಯಲ್ಲಿ ಸ್ವರಚಿಹ್ನೆಗೂ ಒಂದು ಸಂಖ್ಯೆಯಿದೆ. ಉಳಿಸಿಡುವಾಗ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕಾದರೆ, ಕನ್ನಡದ ಈ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಹಾಗಾಗಿ ಬೆಟ್ಟದಪುರಕ್ಕೆ 27 ಬೈಟ್. ‘ಮುಹಮ್ಮದ್ ಇಸ್ಮಾಯಿಲ್’ ಎಂಬ ಹೆಸರಿಗೆ ನಡುವಿನ ಖಾಲಿ ಜಾಗವೂ ಸೇರಿ 52. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ‘ಹೆಸರಿಗೆ 30 ಬೈಟ್ ಸಾಕು’ ಎಂದು ಯಾರಾದರೂ ನಿಗದಿ ಮಾಡಿದರೆ, ಇಸ್ಮಾಯಿಲ್ ನಡುವೆಯೇ ತುಂಡಾಗುತ್ತಾನೆ. ಮೊಬೈಲ್ ಸಂದೇಶದಲ್ಲೂ ಇದೇ ಕಥೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ, ಕನ್ನಡಕ್ಕೆ 70 ಮಾತ್ರ.

ಇನ್ನೊಂದು ಸೂಕ್ಷ್ಮವಿದೆ. ಕನ್ನಡ ಟೈಪಿಸುವಾಗ ಕೆಲವು ಕೀಲಿಮಣೆಗಳು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತವೆ. ‘ಮುಹಮ್ಮದ್’ ಎಂಬುದನ್ನು ಇಬ್ಬರು ಬೇರೆ ಬೇರೆ ಕಡೆ ಬರೆದರೆ ನಮಗೆ ಎರಡೂ ಒಂದೇ. ಒಂದರ ಕೊನೆಗೆ ಆ ಚಿಹ್ನೆಯಿದ್ದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಹೋಲಿಸುವ ಮೊದಲು ಅಂತಹ ಚಿಹ್ನೆಗಳನ್ನು ಬದಿಗಿಡುವ ನಾಲ್ಕು ಸಾಲು ಬರೆದೆ. ಆ ದಿನದ ದುಡಿಮೆಯ ಬಹುಪಾಲು ಅಷ್ಟೇ.

ಇದನ್ನೆಲ್ಲ ಮಾಡುವಾಗ ಹಿಂದಿನವರ ಶ್ರಮವನ್ನು ನೆನೆಯಬೇಕು. ಡಾ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದರು. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡವು, ಅದೇ ಫಾಂಟ್ ಇಲ್ಲದಿದ್ದರೆ, ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿದ್ದ ಕಾಲವದು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅವರೆಲ್ಲ ದಾರಿ ಮಾಡಿದ್ದರಿಂದ ನಮಗಿಂದು ಉಳಿದಿರುವುದು ಇಂತಹ ಚಿಲ್ಲರೆ ಕಲ್ಲುಮುಳ್ಳುಗಳನ್ನು ಆರಿಸುವ ಕೆಲಸ.

ಗುರುವಾರ

ನಮ್ಮ ಕಡೆ ಹೊಗೆಸೊಪ್ಪಿನ ಕಾಲವೆಂದರೆ ಮನೆಮಂದಿಗೆಲ್ಲ ಬಿಡುವಿಲ್ಲದ ಕಾಲ. ಭಾವನವರ ಬ್ಯಾರನ್ನಿಗೆ ಸೊಪ್ಪು ತುಂಬುವ ದಿನವದು. ಕಡ್ಡಿಗೆ ಸೊಪ್ಪು ಕಟ್ಟಲು ಹತ್ತಾರು ಹೆಂಗಸರು ಬಂದಿದ್ದರು. ಬೆಂಕಿ ಹಾಕಿದ ಮೇಲೆ ದಿನಗಟ್ಟಲೆ ಹಗಲಿರುಳೂ ಕಾಯಬೇಕು, ಶಾಖ ಹೆಚ್ಚಾದರೂ ಕಡಿಮೆಯಾದರೂ ಸೊಪ್ಪು ಹಾಳು. ಅಂತಹ ದಿನ ಮನೆಯ ಸೊಸೆ ಕೋಣೆಯಲ್ಲಿ ಪರದೆಯ ಮುಂದೆ ಕುಳಿತರೆ ನೋಡಿದವರಿಗೆ ಏನೆನಿಸಬಹುದು? “ಮನೆಯಲ್ಲೇ ಇದ್ದಾಳಲ್ಲ, ಒಂದು ಚಹಾ ಮಾಡಿಕೊಡಬಾರದೇ?”

ಮನೆಯಿಂದ ಕೆಲಸ ಮಾಡುವ ಹೆಣ್ಣುಮಕ್ಕಳ ದೊಡ್ಡ ಕಷ್ಟ ಇದೇ. ಕಚೇರಿಗೆ ಹೋದವರ ಕೆಲಸ ಕಾಣುತ್ತದೆ, ಮನೆಯಲ್ಲಿರುವವರದು ಕಾಣುವುದಿಲ್ಲ. ಇದಕ್ಕೆ ಜಗಳ ಪರಿಹಾರವಲ್ಲ. ಮನಸ್ಸಿನಲ್ಲೇ ಕೊರಗುವುದೂ ಅಲ್ಲ. ನಾವು ಕಂಡುಕೊಂಡ ದಾರಿ ಬಹಳ ಸರಳ. ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಯಾವ ದಿನ ಎಷ್ಟು ಹೊತ್ತಿಗೆ ನನ್ನ ಸಭೆ, ಯಾವಾಗ ನಾನು ಏಳಬಲ್ಲೆ, ಯಾವಾಗ ಏಳಲಾರೆ ಎಂಬುದು ಅದರಲ್ಲಿರುತ್ತದೆ. ಅತ್ತೆಗೆ ಓದು ಬಾರದು, ಮೊಮ್ಮಗಳು ಓದಿ ಹೇಳುತ್ತಾಳೆ. ಹನ್ನೊಂದು ಗಂಟೆಯ ಚಹಾ ಪತಿಯ ಪಾಲಿಗೆ ಬಂತು, ಸಂಜೆಯದು ನನ್ನ ಪಾಲಿಗೆ. ಬ್ಯಾರನ್ನಿನ ಬೆಂಕಿ ಕಾಯುವುದೂ ಕುಳಿತೇ ಮಾಡುವ ಕೆಲಸ. ಅದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ ತಾನೇ?

ಸಂಜೆಯ ಹೊತ್ತಿಗೆ ನೆಟ್‌ವರ್ಕ್ ನಿಧಾನವಾಯಿತು. ಬ್ರೌಸರ್‌ನಲ್ಲಿ ನಿಧಾನ ಸಂಪರ್ಕವನ್ನು ಅನುಕರಿಸಿ ನೋಡುವ ಸೌಲಭ್ಯವಿದೆ. ಆದರೆ ನಮ್ಮೂರಿನಲ್ಲಿ ಅನುಕರಣೆಯ ಅಗತ್ಯವೇ ಬೀಳುವುದಿಲ್ಲ! ಅರ್ಜಿಯ ಪುಟದ ಮೇಲ್ಭಾಗದಲ್ಲಿದ್ದ ನಗುವ ವಿದ್ಯಾರ್ಥಿಗಳ ದೊಡ್ಡ ಚಿತ್ರ ತೆರೆದುಕೊಳ್ಳುವವರೆಗೆ ಉಳಿದುದೆಲ್ಲ ಕಾಯುತ್ತಿತ್ತು. ಚಿತ್ರವನ್ನು ಚಿಕ್ಕದು ಮಾಡಿ ಕೆಳಗಿಳಿಸಿದೆ, ಅರ್ಜಿ ಮೊದಲಿಗೆ ಬಂತು.

ಶುಕ್ರವಾರ

ಬೆಳಗ್ಗೆ ತಂಡದ ಸಭೆ. ‘ಕೊನೆಯ ಹೆಸರು’ ಕಡ್ಡಾಯ ಬೇಡ ಎಂದು ಕೇಳಿಕೊಂಡೆ. ಸಮಯವಿಲ್ಲ, ವಿನ್ಯಾಸ ಆಗಲೇ ಒಪ್ಪಿಗೆಯಾಗಿದೆ, ಹೆಸರಿಲ್ಲದವರು ಒಂದು ಚುಕ್ಕಿ ಹಾಕಲಿ ಎಂಬ ಉತ್ತರ ಬಂತು. ಚುಕ್ಕಿ ಹಾಕಿದರೆ ಬ್ಯಾಂಕಿನ ಖಾತೆಯ ಹೆಸರಿನೊಂದಿಗೆ ತಾಳೆಯಾಗದು ಎಂಬುದನ್ನು ಪುಟವನ್ನೇ ತೆರೆದು ತೋರಿಸಿದೆ. ವಾದದಿಂದ ಆಗದ್ದು ತೋರಿಸಿದಾಗ ಆಯಿತು. ‘ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವಂತೆ ಪೂರ್ಣ ಹೆಸರು’ ಎಂಬ ಒಂದೇ ಉದ್ದನೆಯ ಚೌಕ ಸಾಕು ಎಂದು ತೀರ್ಮಾನವಾಯಿತು. ಮಧ್ಯಾಹ್ನ ಪತಿ ಮತ್ತು ಮಗ ಜುಮಾ ಮುಗಿಸಿ ಬರುವಷ್ಟರಲ್ಲಿ ನನ್ನ ಬಿರಿಯಾನಿಯೂ ದಮ್ಮಿನಿಂದ ಇಳಿದಿತ್ತು.

ಶನಿವಾರ

ಪರೀಕ್ಷೆಯ ದಿನ. ಸೊಪ್ಪು ಕಟ್ಟಲು ಬರುವ ಹೆಂಗಸೊಬ್ಬರ ಮಗಳು ಪಿಯುಸಿ ಓದುತ್ತಿದ್ದಾಳೆ. ಗಾಜು ಒಡೆದ ಅವಳ ಮೊಬೈಲಿನಲ್ಲೇ ಅರ್ಜಿ ತುಂಬಲು ಹೇಳಿದೆ. ಅತ್ತೆ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಹೆಸರುಗಳು ಸಲೀಸಾಗಿ ಒಳಹೋದವು. ತಾಯಿಯ ಜನ್ಮದಿನಾಂಕ ಬಂದಾಗ ಹುಡುಗಿ ನಿಂತಳು. ತಾಯಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರವಿತ್ತು, ಪುಟವು ದಿನ, ತಿಂಗಳು ಎರಡನ್ನೂ ಕೇಳುತ್ತಿತ್ತು.

ಅತ್ತೆ ಕೇಳಿದರು: “ಬೇಟೀ, ಓದುವವಳು ಮಗಳು. ಅಮ್ಮ ಹುಟ್ಟಿದ ದಿನ ಅವರಿಗೇಕೆ?”

ಓದುಗರೇ, ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ನಿಗದಿತ ಉದ್ದೇಶಕ್ಕೆ ಅಗತ್ಯವಿರುವಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕೆಂಬ ತತ್ವ 2023ರ ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಅಕ್ಷರ ಕಲಿಯದ ಹಿರಿಯರು ಅದನ್ನು ತಮ್ಮ ವಿವೇಕದಿಂದಲೇ ಹೇಳಿದರು. ಕಚೇರಿಗೆ ಬರೆದೆ. ಸಂಜೆಯೊಳಗೆ ಆ ಚೌಕವನ್ನು ತೆಗೆಯಲು ಒಪ್ಪಿಗೆ ಬಂತು.

ಭಾನುವಾರ

ಅಂದು ಕಂಪ್ಯೂಟರ್ ತೆರೆಯುವುದಿಲ್ಲ, ಇದು ಮನೆಯ ನಿಯಮ. ಬದಲಿಗೆ ಊಟದ ನಂತರ ಮನೆಯ ಕಾಗದಪತ್ರಗಳ ಪೆಟ್ಟಿಗೆ ತೆರೆದೆವು. ಅತ್ತೆಯ ಹೆಸರಿಗೆ ಆಧಾರ್‌ನಲ್ಲಿ ‘ಬೀ’ ಸೇರಿತ್ತು, ಪಡಿತರ ಚೀಟಿಯಲ್ಲಿ ಇರಲಿಲ್ಲ. ಮಾವನವರ ಹೆಸರು ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ಬರೀ ‘ಎಂಡಿ’. ಯಾವ ದಾಖಲೆಯಲ್ಲಿ ಹೆಸರು ಹೇಗಿದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು.

ನೀವೂ ಇದನ್ನು ಮಾಡಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ದಾಖಲೆ, ಪಾಸ್‌ಪೋರ್ಟ್ ಎಲ್ಲವನ್ನೂ ಒಟ್ಟಿಗಿಟ್ಟು ಒಬ್ಬೊಬ್ಬರ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಅವಸರವಿಲ್ಲದ ಈಗಲೇ ತಿದ್ದಿಸಿ, ಅರ್ಜಿಯ ಕೊನೆಯ ದಿನಕ್ಕೆ ಕಾಯಬೇಡಿ. ಮನೆಯಲ್ಲಿ ಮಗು ಹುಟ್ಟಿದರೆ ಜನನ ನೋಂದಣಿಯ ಹೊತ್ತಿಗೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರಿನ ಕಾಗುಣಿತವನ್ನು ನಿರ್ಧರಿಸಿ, ಮುಂದೆ ಎಲ್ಲೆಡೆ ಅದನ್ನೇ ಬರೆಯಿರಿ.

ಮಗಳೋ ಸೊಸೆಯೋ ಈ ವಿದ್ಯೆ ಕಲಿಯುತ್ತೇನೆ ಎಂದರೆ ದುಬಾರಿ ಕೋರ್ಸಿಗೆ ಹಣ ಹೊಂದಿಸುವ ಮೊದಲು ಉಚಿತವಾಗಿ ಸಿಗುವುದನ್ನು ನೋಡಿ. ಮೊಝಿಲ್ಲಾದ ಎಂಡಿಎನ್ ಪಾಠಗಳಿವೆ, 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಇದೆ. ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ಮೊದಲ ಕೆಲವು ತಿಂಗಳು ನಿಘಂಟು ಪಕ್ಕದಲ್ಲಿರಲಿ. ಅವಳಿಗೆ ನೀವು ಕೊಡಬೇಕಾದದ್ದು ದಿನಕ್ಕೆ ಒಂದೂವರೆ ಗಂಟೆಯ ತಡೆಯಿಲ್ಲದ ಸಮಯ.

ಮನೆಯ ಹಿರಿಯರಿಗೂ ಒಂದು ಮಾತು. ಮಕ್ಕಳು ಕಟ್ಟಿದ ಪುಟಗಳನ್ನು ನೀವೂ ಕೈಯಲ್ಲಿ ಹಿಡಿದು ನೋಡಿ. ಎಲ್ಲಿ ತೊಡಕಾಯಿತು, ಯಾವ ಪ್ರಶ್ನೆ ಅನಗತ್ಯವೆನಿಸಿತು ಎಂದು ಸಂಕೋಚವಿಲ್ಲದೆ ಹೇಳಿ. ಪುಸ್ತಕದಲ್ಲಿ ಇಲ್ಲದ ಪಾಠವನ್ನು ನೀವು ಕಲಿಸುತ್ತಿರುತ್ತೀರಿ.