ಸೇವೆಯೂ ಮುಂದಾಲೋಚನೆಯೂ

ಸೇವೆಯೆಂಬ ಮಾತನ್ನು ಕೇಳಿದೊಡನೆಯೇ ನಮ್ಮ ಮನಸ್ಸಿಗೆ ತೋರುವುದು ರೋಗಿಯ ಹಾಸಿಗೆಯ ಬಳಿಯಲ್ಲಿ ನಿದ್ದೆಗೆಟ್ಟು ಕುಳಿತ ದಾದಿ, ಹಸಿದವರಿಗೆ ಗಂಜಿ ಬಡಿಸುವ ಕೈ, ಶಿಷ್ಯರ ಪಾದಗಳನ್ನು ತೊಳೆದ ನಮ್ಮ ಸ್ವಾಮಿಯ ಬೋಗುಣಿ. ಇವೆಲ್ಲವೂ ಸೇವೆಯೇ ಸರಿ. ಆದರೆ ಗಂಜಿಯನ್ನು ಬಡಿಸುವುದಕ್ಕೆ ಮೊದಲು ಅಕ್ಕಿಯನ್ನು ಕೂಡಿಟ್ಟವರೊಬ್ಬರು ಇರಬೇಕಷ್ಟೆ. ಆ ಕೂಡಿಡುವ ಕೆಲಸವನ್ನು ನಾವು ಲೋಕವ್ಯವಹಾರವೆಂದು ಬದಿಗಿಡುತ್ತೇವೆಯೇ ಹೊರತು ಸೇವೆಯೆಂದು ಎಣಿಸುವುದಿಲ್ಲ. ಈ ಪಾಠಶಾಲೆಯಿಂದ ಹೊರಟವರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ, ದಾದಿಯರಾಗಿಯೂ, ಸ್ತ್ರೀಸಮಾಜಗಳ ಕಾರ್ಯದರ್ಶಿಗಳಾಗಿಯೂ ಹಲವರನ್ನು ನಡೆಯಿಸುವ ಹೊಣೆಯನ್ನು ಹೊತ್ತವರಾದುದರಿಂದ ಈ ಮಾತನ್ನು ಇಲ್ಲಿ ಎತ್ತಿದ್ದೇವೆ. ಮುಂದಾಲೋಚನೆಯಿಲ್ಲದ ಮುಂದಾಳು ಎಷ್ಟೇ ವಿನಯವುಳ್ಳವಳಾದರೂ ತನ್ನನ್ನು ನಂಬಿದವರಿಗೆ ಅರ್ಧ ಸೇವೆಯನ್ನು ಮಾತ್ರವೇ ಸಲ್ಲಿಸುತ್ತಾಳೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ನಿದರ್ಶನವಾಗಿ ಪಂಡಿತಾ ರಮಾಬಾಯಿಯವರನ್ನು ನೆನೆಯುತ್ತೇವೆ. ಆಕೆಯು 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದವರು. ತಂದೆಯಾದ ಅನಂತಶಾಸ್ತ್ರಿಗಳು ಊರವರ ವಿರೋಧವನ್ನು ಲಕ್ಷಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ ಪಾಠ ಹೇಳಿದರು. ಆದರೆ ಆ ಮನೆಯಲ್ಲಿ ಶ್ಲೋಕಗಳಿಗೆ ಕೊರತೆಯಿಲ್ಲದಿದ್ದರೂ ಕೈಕೆಲಸವೊಂದೂ ಇರಲಿಲ್ಲ. 1870ರ ದಶಕದ ಕ್ಷಾಮದಲ್ಲಿ ಕೂಲಿ ಮಾಡಲು ಅಭ್ಯಾಸವಿಲ್ಲದೆ, ಬೇಡಲು ಮನಸ್ಸಿಲ್ಲದೆ ಆ ಪಂಡಿತಕುಟುಂಬವು ಊರೂರು ಅಲೆಯಿತು. ತಂದೆ, ತಾಯಿ, ಅಕ್ಕ ಮೂವರೂ ಗತಿಸಿದರು. ಮುಂದೆ ವಿವಾಹವಾಗಿ ಎರಡು ವರುಷ ತುಂಬುವುದರೊಳಗೆ, 1882ರಲ್ಲಿ, ಪತಿಯೂ ತೀರಿಕೊಂಡು, ಎಳೆಯ ಮಗು ಮನೋರಮಾ ಆಕೆಯ ಕೈಯಲ್ಲಿ ಉಳಿಯಿತು.

ಇಷ್ಟು ಕಷ್ಟವನ್ನು ಕಂಡವರು ಮರುಗುವುದು ಸಹಜ. ರಮಾಬಾಯಿಯವರು ಮರುಗಿದುದಲ್ಲದೆ ಲೆಕ್ಕ ಹಾಕಿದರು. ಅದೇ 1882ರಲ್ಲಿ ಹಂಟರ್ ಸಾಹೇಬರ ವಿದ್ಯಾಭ್ಯಾಸ ಕಮಿಷನ್ನಿನ ಮುಂದೆ ನಿಂತು, ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಣ ಹೊಂದಿದ ಉಪಾಧ್ಯಾಯಿನಿಯರೂ ಇನ್‌ಸ್ಪೆಕ್ಟ್ರೆಸ್ಸುಗಳೂ ಬೇಕೆಂದು, ಸ್ತ್ರೀಯರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂದು ಸಾಕ್ಷ್ಯ ನುಡಿದರು. ಆಗ ಆಕೆಗೆ ಇಪ್ಪತ್ತನಾಲ್ಕು ವಯಸ್ಸು.

ಕೇಡಗಾಂವಿನ ವಿಷಯವು ಇದಕ್ಕಿಂತಲೂ ವಿಚಾರಾರ್ಹವಾದುದು. 1889ರಲ್ಲಿ ಬೊಂಬಾಯಿಯಲ್ಲಿ ಆರಂಭವಾಗಿ ಮರುವರುಷ ಪುಣೆಗೆ ಬಂದ ಶಾರದಾಸದನವು ಅಮೆರಿಕದ ಮಿತ್ರರ ಹಣದಿಂದ ನಡೆಯುತ್ತಿತ್ತು. ಆ ಮಿತ್ರರು 1887ರಲ್ಲಿ ಮಾತು ಕೊಟ್ಟುದು ಹತ್ತು ವರುಷಗಳಿಗೆ ಮಾತ್ರ. ಹಣವು ತಪ್ಪದೆ ಬರುತ್ತಿರುವಾಗ ಅದು ನಿಂತ ದಿನವನ್ನು ಕುರಿತು ಯೋಚಿಸುವವರು ವಿರಳ. ರಮಾಬಾಯಿಯವರು ಗಡುವು ಮುಗಿಯುವ ಮುಂಚೆಯೇ ಪುಣೆಯ ಆಚೆ ಕೇಡಗಾಂವಿನಲ್ಲಿ ಸುಮಾರು ನೂರು ಎಕರೆ ನೆಲವನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ತೋಟದ ಹುಟ್ಟುವಳಿಯಿಂದ ಸದನವು ತನ್ನ ಕಾಲಮೇಲೆ ನಿಲ್ಲಲೆಂಬುದು ಆಕೆಯ ಎಣಿಕೆ.

ನಡೆದುದೇ ಬೇರೆ. 1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವು ತಲೆದೋರಿತು. ಅನಾಥರಾದ ಹೆಣ್ಣುಮಕ್ಕಳು ಯಾರ ಕೈಗೆ ಸಿಕ್ಕುವರೆಂಬುದನ್ನು ತಾನೇ ಅಲೆದು ಬಲ್ಲವರಾದ ರಮಾಬಾಯಿಯವರು ಅಲ್ಲಿಗೆ ಹೋಗಿ ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಪುಣೆಯಲ್ಲಿಯೋ ಪ್ಲೇಗಿನ ನಿರ್ಬಂಧ. ಅಷ್ಟು ಜನರನ್ನು ಊರೊಳಗೆ ಇರಿಸುವಂತಿರಲಿಲ್ಲ. ಆಗ ಕೇಡಗಾಂವಿನ ನೆಲವೂ ನೀರೂ ಸಿದ್ಧವಾಗಿದ್ದವು. 1900ರ ವೇಳೆಗೆ ಅಲ್ಲಿನ ಮುಕ್ತಿಸದನದಲ್ಲಿ 1500 ಮಂದಿಯೂ ನೂರಕ್ಕೆ ಮೇಲ್ಪಟ್ಟು ದನಗಳೂ ಇದ್ದವು. ಅಕ್ಷರದ ಜೊತೆಯಲ್ಲಿ ನೇಯ್ಗೆ, ಹೊಲಿಗೆ, ಹೈನು, ಅಚ್ಚಿನ ಕೆಲಸ ಇವನ್ನೂ ಆ ಬಾಲಿಕೆಯರು ಕಲಿತರು. ವಿದ್ಯೆಯಿದ್ದೂ ಕೈಕೆಲಸವಿಲ್ಲದೆ ಸೊರಗಿದ ತನ್ನ ಹೆತ್ತವರ ನೆನಪು ಈ ಪಾಠಕ್ರಮದ ಹಿಂದೆ ಇದ್ದಿತೆಂದೇ ನಾವು ನಂಬುತ್ತೇವೆ.

ಕ್ಷಾಮವು ಬರುವುದೆಂದು ರಮಾಬಾಯಿಯವರಿಗೆ ದರ್ಶನವಾಗಿರಲಿಲ್ಲ. ಒಂದಕ್ಕೆಂದು ಮಾಡಿದ ಸಿದ್ಧತೆಯು ಮತ್ತೊಂದಕ್ಕೆ ಒದಗಿತು. ಮುಂದಾಲೋಚನೆಯನ್ನು ಪ್ರವಾದನೆಯೆಂದು ತಿಳಿಯುವವರು ಇದನ್ನು ಗಮನಿಸಬೇಕು. ತನ್ನ ಹಿಂದಿನ ದುಃಖವನ್ನು ಮರೆಯದಿರುವುದು, ಕೈಯಲ್ಲಿರುವ ಲೆಕ್ಕಪುಸ್ತಕವನ್ನು ನಾಚಿಕೆಯಿಲ್ಲದೆ ನೋಡುವುದು, ಸುಭಿಕ್ಷದಲ್ಲಿಯೇ ಗುದ್ದಲಿಯನ್ನು ಹಿಡಿಯುವುದು, ಇಷ್ಟರಿಂದಲೇ ಅದು ಬೆಳೆಯುತ್ತದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಗಾದೆಯು ಹಾಸ್ಯಮಾಡುತ್ತದೆ. ನಮ್ಮ ಸಭೆಗಳಾದರೋ ಅಂಥವರಿಗೇ ಹಾರ ಹಾಕುತ್ತವೆ!

ಗಿರಿಪ್ರಸಂಗದಲ್ಲಿ ನಾಳಿನ ಚಿಂತೆಯನ್ನು ನಿಷೇಧಿಸಿದೆಯಲ್ಲಾ ಎಂದು ಕೆಲವರು ಕೇಳಬಹುದು. ನಿಷೇಧಿಸಿರುವುದು ತನಗಾಗಿ ಪಡುವ ತಳಮಳವನ್ನು. ಎಣ್ಣೆಯಿಲ್ಲದೆ ಹೊರಟ ಕನ್ಯೆಯರನ್ನು ಅದೇ ಸ್ವಾಮಿಯು ಹೊಗಳಲಿಲ್ಲ. ಐಗುಪ್ತದಲ್ಲಿ ಏಳು ವರುಷ ಧಾನ್ಯವನ್ನು ಕೂಡಿಟ್ಟ ಯೋಸೇಫನು ದಾಸನಾಗಿ ಮಾರಲ್ಪಟ್ಟಿದ್ದವನೆಂಬುದನ್ನೂ ಮರೆಯಬಾರದು.

ಎಲ್ಲಾ ಮುಂದಾಲೋಚನೆಯೂ ಫಲಿಸುವುದೆಂದು ಹೇಳಲಾರೆವು. ರಮಾಬಾಯಿಯವರು ತಮ್ಮ ತರುವಾಯ ಕಾರ್ಯವನ್ನು ವಹಿಸಲೆಂದು ಮನೋರಮಾಬಾಯಿಯವರನ್ನು ಸಿದ್ಧಗೊಳಿಸಿದ್ದರು. 1912ರಲ್ಲಿ ನಮ್ಮ ಕಲಬುರ್ಗಿಯಲ್ಲಿ ಪ್ರಾರಂಭವಾದ ಕ್ರೈಸ್ತ ಹೈಸ್ಕೂಲಿಗೆ ಮನೋರಮಾಬಾಯಿಯವರೇ ಮುಖ್ಯಸ್ಥೆಯಾಗಿದ್ದರು. 1921ರಲ್ಲಿ ಮಗಳು ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರುಷ ಎಪ್ರಿಲ್ ತಿಂಗಳಲ್ಲಿ ತಾಯಿಯೂ ಹೊರಟುಹೋದರು. ಆದರೂ ಮುಕ್ತಿಸದನವು ಮುಚ್ಚಲಿಲ್ಲ. ಕೆಲಸ ಬಲ್ಲ ಕೈಗಳು ಒಂದೆರಡಾಗಿರದೆ ನೂರಾರು ಇದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಈ ಭಾಗವೇ ನಮ್ಮನ್ನು ಹೆಚ್ಚಾಗಿ ಚುಚ್ಚುವಂಥದು. ಒಬ್ಬ ತ್ಯಾಗಶೀಲೆಯಾದ ಸೋದರಿಯು ಇಪ್ಪತ್ತು ವರುಷ ಸಂಘವನ್ನು ಹೊತ್ತು ನಡೆಯಿಸುವಳು. ಬೀಗದ ಕೈ, ರಸೀದಿಪುಸ್ತಕ, ದಾನಿಗಳ ವಿಳಾಸ ಎಲ್ಲವೂ ಅವಳಲ್ಲಿಯೇ. ಅವಳು ಕಾಯಿಲೆ ಬಿದ್ದ ದಿನ ಸಂಘವೂ ಹಾಸಿಗೆ ಹಿಡಿಯುವುದು. ಎಲ್ಲವನ್ನೂ ತಾನೇ ಮಾಡುವುದರಲ್ಲಿ ಪ್ರೀತಿಯೂ ಉಂಟು, ಸ್ವಲ್ಪ ಅಹಂಕಾರವೂ ಉಂಟು.

ತಂದೆತಾಯಿಗಳಿಗೂ ಒಂದು ಮಾತು. ಮಗಳ ಮದುವೆಗೆಂದು ಚಿನ್ನವನ್ನು ಕೂಡಿಡುವುದನ್ನು ಮುಂದಾಲೋಚನೆಯೆಂದು ತಾವು ಕರೆಯುವುದುಂಟು. ಗಳಿಸುವ ಕೈ ಬಿದ್ದುಹೋದರೆ ಅವಳು ಯಾವ ಕೆಲಸದಿಂದ ತನ್ನನ್ನೂ ಮಕ್ಕಳನ್ನೂ ಸಾಕುವಳೆಂಬ ಪ್ರಶ್ನೆಯನ್ನು ಮದುವೆಯ ಮಾತಿಗೆ ಮೊದಲು ಕೇಳಿದ ಮನೆಗಳು ಎಷ್ಟು? ಹೈಸ್ಕೂಲು ಮುಗಿಸಿದವಳಿಗೆ ಮುಂದಿನ ಓದನ್ನೋ ಒಂದು ಕಸುಬನ್ನೋ ಕೊಡಿಸಿರಿ. ಆ ಹಣವು ಕಳ್ಳರ ಕೈಗೆ ಸಿಕ್ಕುವಂಥದಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬ ಅಧಿಕಾರಿಣಿಯೂ ತನಗಿಂತ ಹತ್ತು ವರುಷ ಚಿಕ್ಕವಳಾದ ಒಬ್ಬಳನ್ನು ಜೊತೆಗೆ ಕರೆತಂದು, ಲೆಕ್ಕಪುಸ್ತಕವನ್ನು ಅವಳ ಮುಂದೆ ಬಿಚ್ಚಿ, ಆ ವರುಷದ ವರದಿಯನ್ನು ಅವಳಿಂದಲೇ ಓದಿಸಲಿ. ಅವಳು ತಡವರಿಸಿದರೆ ತಡವರಿಸಲಿ.