‘ಅದು ರೇಡಿಯೋನೇ ಅಲ್ಲ’ ಅಂದವನು ನಾನೇ

1/7

ಮೊದಲ ಫೋಟೋದಲ್ಲಿ ಕಾಣ್ತಿರೋದು ನಮ್ಮ ಡಿಪಾರ್ಟ್‌ಮೆಂಟ್ ತಾರಸಿ. ನೀರಿನ ಟ್ಯಾಂಕಿನಿಂದ ಮೆಟ್ಟಿಲ ಕೋಣೆ ತನಕ ಎಳೆದಿರೋ ಹತ್ತು ಮೀಟರ್ ತಂತಿ ಇದೆಯಲ್ಲಾ, ಅದನ್ನ ಹಗ್ಗ ಅಂದ್ಕೊಂಡು ಅಟೆಂಡರ್ ಅಣ್ಣ ಎರಡು ಸಲ ನೆಲ ಒರೆಸೋ ಬಟ್ಟೆ ಒಣಗಿಹಾಕಿದ್ರು. ಹಗ್ಗ ಅಲ್ಲ ಸ್ವಾಮಿ, ಅದು 20 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಮತ್ತು ಸ್ವಂತ ಕಾಲ್ ಸೈನ್ ಪಡೆದು, ದುಡ್ಡಿನ ಉದ್ದೇಶ ಇಲ್ಲದೆ ಕಲಿಯೋಕೆ, ಪ್ರಯೋಗ ಮಾಡೋಕೆ ರೇಡಿಯೋ ಬಳಸೋದು ಹ್ಯಾಮ್ ರೇಡಿಯೋ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು.

ಇವತ್ತು ಆಂಟೆನಾ ಕಟ್ಟೋದು ಹೇಗೆ ಅಂತ ಹೇಳಲ್ಲ. ನಮ್ಮ ಗ್ರೂಪಿನಲ್ಲಿ ನಾನೇ ಹಚ್ಚಿದ ಒಂದು ಜಗಳದ ಬಗ್ಗೆ ಬರೀತೀನಿ. ನಮ್ಮ ಜೂನಿಯರ್ ಒಬ್ಬಳು ಒಂದು ಸಂಜೆ ಈ ತಂತಿಗೆ ರಿಗ್ ಸಿಕ್ಕಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು, ಬರೀ 5 ವ್ಯಾಟ್‌ನಲ್ಲಿ ಇಂಡೋನೇಷ್ಯಾ ಹಿಡಿದಳು. ಖುಷಿಯಿಂದ ಸ್ಕ್ರೀನ್‌ಶಾಟ್ ಹಾಕಿದಳು. ನಾನು ಕೆಳಗೆ ಬರೆದೆ: “ಕಂಪ್ಯೂಟರ್ ಕಂಪ್ಯೂಟರ್ ಜೊತೆ ಮಾತಾಡ್ತು. ನೀನೇನ್ ಮಾಡ್ದೆ? ಅದು ರೇಡಿಯೋನೇ ಅಲ್ಲ.”

ಹದಿನೇಳು ಜನ ನಗೋ ಇಮೋಜಿ ಹಾಕಿದ್ರು. ಅವಳು “ಓಕೆ ಅಣ್ಣ” ಅಂದಳು. ಆಮೇಲೆ ತಾರಸಿಗೆ ಬರಲಿಲ್ಲ.

2/7

ನನಗೆ ನಾಚಿಕೆ ಆಗಬೇಕಾದ ಕಾರಣ ಇನ್ನೊಂದಿದೆ. ಇದೇ ಮಾತು ನನಗೂ ಬಿದ್ದಿತ್ತು.

ನಾನು ಮೊದಲು ತಗೊಂಡಿದ್ದು ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್. ಅದಕ್ಕೆ ಮೋರ್ಸ್ ಪರೀಕ್ಷೆ ಬೇಡ. ಆ ಖುಷೀಲಿ ಹಿರಿಯರ ಒಂದು ಕೂಟಕ್ಕೆ ಹೋಗಿದ್ದೆ. ಅಲ್ಲೊಬ್ಬರು ಅಂಕಲ್ ಕಾಫಿ ಹೀರ್ತಾ, “ಮೋರ್ಸ್ ಬರದೇ ಹ್ಯಾಮ್ ಏನಪ್ಪಾ? ನಿಮ್ದೆಲ್ಲಾ ಅರ್ಧ ಟಿಕೆಟ್ಟು” ಅಂದ್ರು. ಸುತ್ತ ಇದ್ದೋರು ನಕ್ಕರು. ನಾನೂ ನಕ್ಕೆ. ಬಸ್ಸಲ್ಲಿ ಬರ್ತಾ ಪೂರ್ತಿ ದಾರಿ ಅದೇ ಮಾತು ಕಿವೀಲಿತ್ತು.

ಆ ಸಿಟ್ಟಿಗೆ ಆರು ತಿಂಗಳು ಕೂತು ಮೋರ್ಸ್ ಕಲಿತೆ. ಕಲಿತಿದ್ದಕ್ಕೆ ಬೇಜಾರಿಲ್ಲ. ನಿಧಾನವಾಗಿ ಅಕ್ಷರಗಳನ್ನ ಎಣಿಸೋದು ಬಿಟ್ಟು ಪದಗಳನ್ನ ಕೇಳೋಕೆ ಶುರುವಾಗೋ ಗಳಿಗೆ ಇದೆಯಲ್ಲಾ, ಅದು ಸೈಕಲ್ ಬ್ಯಾಲೆನ್ಸ್ ಸಿಕ್ಕಿದ ಹಾಗೆ. ಆದ್ರೆ ಪೂರ್ತಿ ಟಿಕೆಟ್ ಕೈಗೆ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಕಂಡಕ್ಟರ್ ಆಗಿದ್ದು. ಬೇರೆಯವರ ಟಿಕೆಟ್ ಚೆಕ್ ಮಾಡೋಕೆ ನಿಂತೆ.

3/7

ಈಗ ಅವಳು ಮಾಡಿದ್ದು ಏನು ಅಂತ ನೋಡೋಣ. ಇಸಿ ಬ್ರಾಂಚಿನವರು ಸ್ವಲ್ಪ ಗಮನ ಕೊಟ್ಟು ಓದಿ.

ಅವಳು ಬಳಸಿದ್ದು ಎಫ್‌ಟಿ8 ಅನ್ನೋ ಡಿಜಿಟಲ್ ವಿಧಾನ. 2017ರಲ್ಲಿ ಬಂತು. ಹೆಸರಿನ ‘ಎಫ್’ ಅಂದ್ರೆ ಸ್ಟೀವ್ ಫ್ರ್ಯಾಂಕ್, ‘ಟಿ’ ಅಂದ್ರೆ ಜೋ ಟೇಲರ್. ಈ ಟೇಲರ್ 1993ರಲ್ಲಿ ಪಲ್ಸಾರ್ ಸಂಶೋಧನೆಗೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಅವರೂ ಹ್ಯಾಮ್. ‘8’ ಅಂದ್ರೆ ಎಂಟು ಸ್ವರಗಳ ಎಫ್‌ಎಸ್‌ಕೆ. ಪರೀಕ್ಷೆಗೆ ಉರು ಹೊಡೆದು, ಬರೆದು, ಮರೆತ ಅದೇ ಎಫ್‌ಎಸ್‌ಕೆ!

ಒಂದು ಸಂದೇಶದಲ್ಲಿ 77 ಬಿಟ್ ಮಾಹಿತಿ. ತಪ್ಪು ಬಂದಿದೆಯಾ ಅಂತ ನೋಡೋಕೆ 14 ಬಿಟ್, ತಪ್ಪನ್ನ ತಿದ್ದೋಕೆ 83 ಬಿಟ್. ಒಟ್ಟು 174. ಕಳಿಸೋ ಮಾಹಿತಿಗಿಂತ ಅದನ್ನ ಕಾಯೋ ಬಿಟ್ಟುಗಳೇ ಹೆಚ್ಚು. ಇದೆಲ್ಲಾ ಬರೀ 50 ಹರ್ಟ್ಸ್ ಅಗಲದಲ್ಲಿ, 12.64 ಸೆಕೆಂಡಿನಲ್ಲಿ ಹೋಗುತ್ತೆ. ಪ್ರತಿ 15 ಸೆಕೆಂಡಿಗೊಂದು ಸರದಿ. ಎರಡೂ ಕಡೆಯ ಗಡಿಯಾರ ಹೆಚ್ಚುಕಮ್ಮಿ ಒಂದು ಸೆಕೆಂಡಿನೊಳಗೆ ಹೊಂದಿಕೊಂಡಿರಬೇಕು. ನಮ್ಮ ಕಿವಿಗೆ ಬರೀ ಗದ್ದಲ ಅನ್ನಿಸೋ ಕಡೆಯಿಂದಲೂ ಈ ವಿಧಾನ ಸಂದೇಶ ಹೆಕ್ಕಿ ತೆಗೆಯುತ್ತೆ.

ಇದು ರೇಡಿಯೋ ಅಲ್ಲ ಅಂದ್ರೆ ಇನ್ನೇನು? ತಂತಿ ಅದೇ. ಅಯಾನುಗೋಳ ಅದೇ. ಸಂಜೆಯಾದ ಮೇಲೆ ಬ್ಯಾಂಡ್ ಮುಚ್ಚಿಕೊಂಡರೆ ಅವಳಿಗೂ ಯಾರೂ ಸಿಗಲ್ಲ, ನನಗೂ ಸಿಗಲ್ಲ.

4/7

“ಅದು ನಿಜವಾದ ರೇಡಿಯೋ ಅಲ್ಲ” ಅನ್ನೋ ಮಾತಿಗೆ ಹ್ಯಾಮ್ ರೇಡಿಯೋದಷ್ಟೇ ವಯಸ್ಸಾಗಿದೆ.

1920ರ ದಶಕದಲ್ಲಿ ಕಿಡಿ ಹಾರಿಸೋ ಸ್ಪಾರ್ಕ್ ಟ್ರಾನ್ಸ್‌ಮಿಟರ್ ಹೋಗಿ ವಾಲ್ವ್ ಬಂತು. ಸ್ಪಾರ್ಕ್‌ನ ಸದ್ದು, ಆ ಓಝೋನ್ ವಾಸನೆ ಇಲ್ಲದೆ ಏನು ಮಜಾ ಅಂತ ಹಲುಬಿದವರು ಇದ್ದರು. 1950ರ ದಶಕದಲ್ಲಿ ಎಎಂ ಜಾಗಕ್ಕೆ ಎಸ್‌ಎಸ್‌ಬಿ ಬಂತು. ಹಳೇ ಎಎಂ ರಿಸೀವರ್‌ನಲ್ಲಿ ಅದು ಬಾತುಕೋಳಿ ಕೂಗಿದ ಹಾಗೆ ಕೇಳುತ್ತೆ. ಅದನ್ನೇ ಹಿಡಿದು ಗೇಲಿ ಮಾಡಿದರು. ಆದರೆ ಎಸ್‌ಎಸ್‌ಬಿಗೆ ಬೇಕಾಗೋದು ಎಎಂನ ಅರ್ಧದಷ್ಟು ಜಾಗ. ಇವತ್ತು ಎಚ್‌ಎಫ್‌ನಲ್ಲಿ ಮಾತಾಡೋ ಹ್ಯಾಮ್‌ಗಳು ಬಹುತೇಕ ಬಳಸೋದು ಆ ಬಾತುಕೋಳಿಯನ್ನೇ. 2003ರ ಜಾಗತಿಕ ರೇಡಿಯೋ ಸಮ್ಮೇಳನದಲ್ಲಿ ಮೋರ್ಸ್ ಕಡ್ಡಾಯ ಅನ್ನೋ ಅಂತರರಾಷ್ಟ್ರೀಯ ನಿಯಮ ಹೋಯ್ತು. ಹವ್ಯಾಸ ಸತ್ತೇ ಹೋಯ್ತು ಅಂದ್ರು. ಹವ್ಯಾಸವೂ ಇದೆ, ಮೋರ್ಸೂ ಇದೆ.

ನನಗೆ ತುಂಬಾ ಇಷ್ಟವಾದ ಕಥೆ ಇನ್ನೂ ಹಳೇದು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನ 200 ಮೀಟರ್ ಮತ್ತು ಅದಕ್ಕಿಂತ ಕಡಿಮೆ ತರಂಗಾಂತರಕ್ಕೆ ತಳ್ಳಿತು. ದೂರ ಹೋಗೋಕೆ ಉದ್ದ ಅಲೆಗಳೇ ಬೇಕು, ಚಿಕ್ಕ ಅಲೆ ಪ್ರಯೋಜನಕ್ಕೆ ಬಾರದು ಅಂತ ಅವತ್ತಿನ ತಿಳಿವಳಿಕೆ. ಒಂಥರಾ ಊರಾಚೆ ಬಂಜರು ಭೂಮಿ ಕೊಟ್ಟ ಹಾಗೆ. 1923ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು 100 ಮೀಟರ್ ಆಸುಪಾಸಿನ ಅಲೆಯಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯಿಂದ ಮಾತಾಡಿದರು. ಶಾರ್ಟ್‌ವೇವ್ ಅನ್ನೋ ಲೋಕ ತೆರೆದುಕೊಂಡಿದ್ದು ಆ ಬಂಜರು ಭೂಮಿಯಲ್ಲಿ.

ಇದನ್ನ ಹೇಳಿದ್ದು ಹೊಸದೆಲ್ಲಾ ಒಳ್ಳೇದು ಅಂತ ಅಲ್ಲ. ಯಾವುದು ಪ್ರಯೋಜನಕ್ಕೆ ಬರುತ್ತೆ ಅಂತ ನಗೋರಿಗೆ ಮೊದಲೇ ಗೊತ್ತಿರಲ್ಲ, ಅಷ್ಟೇ.

5/7

ಹಾಗಂತ ಎದುರು ಪಕ್ಷದವರ ಮಾತಲ್ಲಿ ಹುರುಳಿಲ್ವಾ? ಇದೆ. ಅದನ್ನೂ ನ್ಯಾಯವಾಗಿ ಹೇಳಬೇಕು.

ಎಫ್‌ಟಿ8ನಲ್ಲಿ ಹರಟೆ ಹೊಡೆಯೋಕೆ ಆಗಲ್ಲ. ಕಾಲ್ ಸೈನು, ಜಾಗ, ಸಿಗ್ನಲ್ ರಿಪೋರ್ಟು, ನಮಸ್ಕಾರ. ಮುಗೀತು. ಸ್ವಂತ ಮಾತು ಬರೆದರೆ ಒಂದು ಸರದಿಗೆ 13 ಅಕ್ಷರ. ಒಂದು ಬಟನ್ ಒತ್ತಿದರೆ ಮಿಕ್ಕಿದ್ದನ್ನ ಸಾಫ್ಟ್‌ವೇರೇ ನಡೆಸಿಕೊಂಡು ಹೋಗುತ್ತೆ. ಒಳಗೆ ಏನಾಗ್ತಿದೆ ಅಂತ ಒಂದಿಷ್ಟೂ ತಿಳಿಯದೆ ನೂರು ದೇಶ ಹಿಡಿಯಬಹುದು. ಈ ಆತಂಕ ಸುಳ್ಳಲ್ಲ.

ಮತ್ತೆ, ಆಪತ್ತಿನಲ್ಲಿ ಬೇಕಾಗೋದು ಮಾತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತವರ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ವರ್ಷಗಟ್ಟಲೆ ಹ್ಯಾಮ್‌ಗಳ ದನಿಯೇ ಕೇಳಿರದ ಅಂಡಮಾನ್‌ನಿಂದ ಜಗತ್ತಿನ ಹವ್ಯಾಸಿಗಳನ್ನ ಸಂಪರ್ಕಿಸೋಕೆ ಅಂತ ಅನುಮತಿ ಪಡೆದು ಹೋಗಿದ್ದರು. ಫೋನ್ ಸತ್ತಾಗ ಅದೇ ರೇಡಿಯೋದಿಂದ ದ್ವೀಪಗಳ ಸುದ್ದಿ ಮುಖ್ಯಭೂಮಿಗೆ ಹೋಯ್ತು. ‘ನಮ್ಮೋರು ಬದುಕಿದ್ದಾರಾ’ ಅಂತ ಕೇಳೋ ಮನೆಗಳಿಗೆ ಉತ್ತರ ಹೋಯ್ತು. ಆ ಹೊತ್ತಿಗೆ 13 ಅಕ್ಷರ ಸಾಲಲ್ಲ.

ಆದರೆ ಇದೇ ಘಟನೆಯನ್ನ ಇನ್ನೊಂದು ಸಲ ನೋಡಿ. ಅವರು ಅಲ್ಲಿಗೆ ಹೋಗಿದ್ದು ರಕ್ಷಣಾ ಕೆಲಸಕ್ಕಲ್ಲ. ಅಪರೂಪದ ಜಾಗದಿಂದ ಸಂಪರ್ಕ ಎಣಿಸೋ ಆಟಕ್ಕೆ. “ಕಾಲ್ ಸೈನ್ ಹೇಳು, ರಿಪೋರ್ಟ್ ಹೇಳು, ಮುಂದಿನವರು ಬನ್ನಿ” ಅನ್ನೋ ಈ ಆಟವನ್ನೂ ‘ಅದೇನು ರೇಡಿಯೋ, ಸ್ಟಾಂಪ್ ಕಲೆಕ್ಷನ್’ ಅಂತ ಹೀಯಾಳಿಸೋರು ಇದ್ದಾರೆ. ಆ ಆಟ ಇಲ್ಲದಿದ್ದರೆ ಆ ದಿನ ಅಲ್ಲಿ ಆ ಆಂಟೆನಾ ಇರ್ತಿರಲಿಲ್ಲ.

6/7

ನನ್ನ ಅಭಿಪ್ರಾಯ ಇಷ್ಟು. ರೇಡಿಯೋದಲ್ಲಿ ನಾವು ಒಬ್ಬರಿಗೊಬ್ಬರು ಸಿಗ್ನಲ್ ರಿಪೋರ್ಟ್ ಕೊಡ್ತೀವಿ. ಮಾತು ಎಷ್ಟು ಅರ್ಥ ಆಗ್ತಿದೆ ಅನ್ನೋಕೆ 1ರಿಂದ 5. ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋಕೆ 1ರಿಂದ 9. ಚೆನ್ನಾಗಿದ್ದರೆ 59, ಕಷ್ಟಪಟ್ಟು ಕೇಳ್ತಿದ್ದರೆ 33. ಮೂವತ್ತಮೂರು ಕೊಟ್ಟರೆ ಯಾರೂ ಅಳಲ್ಲ. ಆಂಟೆನಾ ತಿರುಗಿಸ್ತಾರೆ, ಕನೆಕ್ಟರ್ ನೋಡ್ತಾರೆ, ಮತ್ತೆ ಕರೀತಾರೆ. ಯಾಕಂದ್ರೆ ಆ ಎರಡು ಅಂಕೆಯಲ್ಲಿ ಮಾಹಿತಿ ಇದೆ.

‘ಅದು ರೇಡಿಯೋನೇ ಅಲ್ಲ’ ಅನ್ನೋದರಲ್ಲಿ ಎಷ್ಟು ಮಾಹಿತಿ ಇದೆ? ಸೊನ್ನೆ ಬಿಟ್. ಕೇಳಿದವರು ಏನನ್ನ ಸರಿಮಾಡಿಕೊಳ್ಳಬೇಕು? ಏನೂ ಇಲ್ಲ, ಎದ್ದು ಹೋಗಬೇಕು ಅಷ್ಟೇ. ಸ್ಪರ್ಧೆಗಳಲ್ಲಿ ಕೇಳಿಸಲಿ ಬಿಡಲಿ ಎಲ್ಲರಿಗೂ 59 ಕೊಡೋ ಅಭ್ಯಾಸ ಇದೆ, ಅದೂ ಅಷ್ಟೇ ಖಾಲಿ. ಸುಮ್ಮನೆ “ಸೂಪರ್ ಮಚ್ಚಾ” ಅನ್ನೋದೂ ರಿಪೋರ್ಟ್ ಅಲ್ಲ.

ಬೇರೆ ಜಗಳಗಳಿಗೂ ಇದನ್ನೇ ಹಚ್ಚಿ ನೋಡಿ. “ಆರ್ಡುಯಿನೋ ಆಟಿಕೆ, ನಿಜವಾದ ಎಂಬೆಡೆಡ್ ಅಂದ್ರೆ ರಿಜಿಸ್ಟರ್.” “ಪೈಥಾನ್ ಬರೆಯೋನು ಪ್ರೋಗ್ರಾಮರ್ರೇ ಅಲ್ಲ.” “ಎಐ ಕೈಲಿ ಬರೆಸಿದ್ದು ಪ್ರಾಜೆಕ್ಟೇ ಅಲ್ಲ.” ಇದರ ಬದಲು ಕೇಳಬಹುದಾದ ಪ್ರಶ್ನೆ ಇದೆ: “ಇದು ಹೇಗೆ ಕೆಲಸ ಮಾಡುತ್ತೆ, ಹೇಳು ನೋಡೋಣ. ಕೆಟ್ಟರೆ ಏನ್ ಮಾಡ್ತೀಯ?” ಉತ್ತರ ಬಂದರೆ ನಾವು ಕಲಿತೀವಿ. ಬರದಿದ್ದರೆ ಅವರು ಹುಡುಕೋಕೆ ಹೋಗ್ತಾರೆ. ಎರಡೂ ಲಾಭವೇ.

ತಪ್ಪನ್ನ ತಪ್ಪು ಅನ್ನಬೇಡಿ ಅಂತಿಲ್ಲ. ಲೈಸೆನ್ಸ್ ಇಲ್ಲದೆ ಅಗ್ಗದ ಹ್ಯಾಂಡಿ ತಗೊಂಡು ಗಾಳಿಯಲ್ಲಿ ಮಾತಾಡೋದು ಕಾನೂನುಬಾಹಿರ, ಅದನ್ನ ಮುಖಕ್ಕೇ ಹೇಳಿ. ಆದರೆ ಹೇಳಬೇಕಾದ್ದು ‘ಲೈಸೆನ್ಸ್ ಮಾಡಿಸು, ಪುಸ್ತಕ ನಾನು ಕೊಡ್ತೀನಿ’ ಅಂತ. ‘ಚೈನಾ ಡಬ್ಬಾ’ ಅಂತ ಅಲ್ಲ.

2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ಹಾರಿತು. ಅದರಲ್ಲಿ ಕಾರ್ಟೋಸ್ಯಾಟ್-1 ಜೊತೆ ಹ್ಯಾಮ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹ ಇತ್ತು, ಹ್ಯಾಮ್‌ಗಳಿಗಾಗಿಯೇ. ಎರಡು ಟ್ರಾನ್ಸ್‌ಪಾಂಡರ್. ಒಂದನ್ನ ಭಾರತದವರು ಮಾಡಿದ್ದು. ಇನ್ನೊಂದನ್ನ ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ಹ್ಯಾಮ್, ಎಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ಹಾಗೇ ಇಂಟರ್ನಲ್ಸ್, ಅಸೈನ್‌ಮೆಂಟ್ ಅಂತ ಒದ್ದಾಡೋ ವಯಸ್ಸು. ಅವನ ಮೊದಲ ಸರ್ಕ್ಯೂಟ್ ನೋಡಿ ಯಾರಾದರೂ ನನ್ನ ಥರದ ಸೀನಿಯರ್ ಒಬ್ಬ ನಕ್ಕಿದ್ದರೆ?

7/7

ಕೊನೆಯ ಫೋಟೋ ನೋಡಿ. ಕಡು ನೀಲಿ ಪರದೆ ಮೇಲೆ ಸಮಾನ ದೂರದಲ್ಲಿ ನೆಟ್ಟಗೆ ಇಳಿಯೋ ಹಳದಿ ಗೆರೆಗಳು. ಇದಕ್ಕೆ ವಾಟರ್‌ಫಾಲ್ ಅಂತೀವಿ. ನನ್ನ ಮೋರ್ಸಿಗೆ ಮೂರು ತಿಂಗಳಿಂದ ಸಂಜೆ ಹೊತ್ತು ಒಂದು ಗುರ್ರ್ ಸದ್ದು ಅಡ್ಡ ಬರ್ತಿತ್ತು. ನಾನು ಬ್ಯಾಂಡ್ ಸರಿಯಿಲ್ಲ ಅಂತ ಬೈಕೊಂಡು ಕೂತಿದ್ದೆ. ಆ ಹುಡುಗಿ ಗೆರೆಗಳನ್ನ ನೋಡಿ, “ಅಣ್ಣ, ಇದು ಆಕಾಶದಿಂದ ಬರ್ತಿಲ್ಲ, ಬಿಲ್ಡಿಂಗಿಂದ ಬರ್ತಿದೆ” ಅಂದಳು. ಒಂದೊಂದೇ ಸ್ವಿಚ್ ಆರಿಸ್ತಾ ಹೋದ್ವಿ. ಎರಡನೇ ಮಹಡಿ ಕಾರಿಡಾರಿನ ಒಂದು ಎಲ್‌ಇಡಿ ಟ್ಯೂಬಿನ ಡ್ರೈವರ್! ಟ್ಯೂಬ್ ಬದಲಾಯಿಸಿದ್ವಿ, ಗೆರೆ ಮಾಯ.

ಇದು ನಡೆದಿದ್ದು ನಾನು ಆ ಕಾಮೆಂಟ್ ಹಾಕೋಕೆ ಹನ್ನೊಂದು ದಿನ ಮೊದಲು. ಅವಳು ಸರಿಮಾಡಿಕೊಟ್ಟ ಬ್ಯಾಂಡಿನಲ್ಲಿ ಮೋರ್ಸ್ ಹೊಡೀತಾ ಕೂತು, ‘ನೀನೇನ್ ಮಾಡ್ದೆ’ ಅಂತ ನಾನು ಅವಳನ್ನ ಕೇಳಿದ್ದು.

ಅವಳಿಗೆ ನೇರವಾಗಿ ಸಾರಿ ಕೇಳಿದ್ದೀನಿ. “ಪರವಾಗಿಲ್ಲ ಅಣ್ಣ” ಅಂದಿದ್ದಾಳೆ. ತಾರಸಿಗೆ ಇನ್ನೂ ಬಂದಿಲ್ಲ. ಬರಲೇಬೇಕು ಅಂತ ಕೇಳೋ ಹಕ್ಕೂ ನನಗಿಲ್ಲ. ಆದರೆ ಹೀಯಾಳಿಸಿದ್ದು ಹದಿನೇಳು ಜನರ ಮುಂದೆ, ಹಾಗಾಗಿ ತಪ್ಪೊಪ್ಪಿಗೆಯೂ ಎಲ್ಲರ ಮುಂದೆಯೇ ಇರಲಿ ಅಂತ ಇದನ್ನ ಬರೆದೆ. ಅವಳು ಹೆಸರು ಹಾಕಬೇಡ ಅಂದಿದ್ದಾಳೆ, ಗೊತ್ತಿರೋರು ಕಾಮೆಂಟಲ್ಲಿ ಟ್ಯಾಗ್ ಮಾಡಬೇಡಿ.

ಶನಿವಾರ ಸಂಜೆ ನಾಲ್ಕೂವರೆಗೆ ತಾರಸಿ ಬಾಗಿಲು ತೆಗೆದಿರುತ್ತೆ. ಮೋರ್ಸ್ ಕೀ ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ, ತಂತಿ ಒಂದೇ. ಲೈಸೆನ್ಸ್ ಇರೋರು ಕರೆಯಬಹುದು, ಇಲ್ಲದೋರು ಕೂತು ಕೇಳಬಹುದು. ಅರ್ಧ ಟಿಕೆಟ್, ಪೂರ್ತಿ ಟಿಕೆಟ್ ಅಂತ ಕೇಳಲ್ಲ. ಬಟ್ಟೆ ಮಾತ್ರ ಒಣಗಿಹಾಕಬೇಡಿ.

ಕಾಮೆಂಟಲ್ಲಿ ನಿಮ್ಮ ಕಥೆ ಹೇಳಿ: ನಿಮಗೆ ಯಾರಾದ್ರೂ ‘ಅದು ಅದೇ ಅಲ್ಲ’ ಅಂದಿದ್ರಾ? ನೀವು ಯಾರಿಗಾದ್ರೂ ಅಂದಿದ್ರಾ? ಎರಡನೇ ಪ್ರಶ್ನೆಗೆ ಉತ್ತರ ಬರೆದೋರಿಗೆ ನನ್ನ ಕಡೆಯಿಂದ ನಿಜವಾದ 59.

73, ಮುಂದಿನ ವಾರ ಸಿಗೋಣ.

#ಹ್ಯಾಮ್‌ರೇಡಿಯೋ #ತಾರಸಿಡೈರಿ #ಮೋರ್ಸ್ #ಎಫ್‌ಟಿ8 #ಕನ್ನಡದಲ್ಲಿಟೆಕ್