ಎಣ್ಣೆ ಹೊಡೆದ ಹೊಲಕ್ಕೆ ಬಸುರಿಯರು ಬೇಡ, ಮಕ್ಕಳು ಬೇಡ!

ಏಕಸಂಬಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ರೈತ ಬಾಂಧವರೇ, ಕೂಲಿ ಕೆಲಸದ ಅಕ್ಕ-ತಂಗಿಯರೇ,

“ನಮ್ಮಪ್ಪ ಜೀವಮಾನ ಪೂರಾ ಪಂಪು ಹೊತ್ತು ಎಣ್ಣಿ ಹೊಡದಾನ, ಏನಾಗೇತಿ?” ಎಂದು ಕೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಅಪ್ಪನ ಮೈ ಬೇರೆ. ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಮರುದಿನ ಅದೇ ಹೊಲಕ್ಕೆ ಕಸ ತೆಗೆಯಲು ಇಳಿಯುವ ಬಸುರಿಯ ಮೈ ಬೇರೆ. ಬದುವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ ಕೂಸಿನ ಮೈ ಇನ್ನೂ ಬೇರೆ.

ಮೈತೂಕದ ಲೆಕ್ಕದಲ್ಲಿ ಕೂಸು ದೊಡ್ಡವರ ದುಪ್ಪಟ್ಟು ಗಾಳಿ ಎಳೆದುಕೊಳ್ಳುತ್ತದೆ. ಕಬ್ಬಿನ ಗೊಣ್ಣೆಹುಳಕ್ಕೆ ಸುರಿಯುವ ಕ್ಲೋರ್‌ಪೈರಿಫಾಸ್‌ನಂಥ ವಿಷವನ್ನು ಒಡೆಯುವ ಕಿಣ್ವ ಆಗತಾನೆ ಹುಟ್ಟಿದ ಕೂಸಿನಲ್ಲಿ ಬಹಳ ಕಡಿಮೆ. ಬಸುರಿಯ ರಕ್ತಕ್ಕೆ ಸೇರಿದ ಎಷ್ಟೋ ವಿಷ ಮಾಸು ದಾಟಿ ಗರ್ಭ ಮುಟ್ಟುತ್ತದೆ. ಮುಪ್ಪಿನಲ್ಲಿ ಮೂತ್ರಪಿಂಡ, ಯಕೃತ್ತು ಸೋತಿರುವುದರಿಂದ ಒಳಹೊಕ್ಕ ವಿಷ ಬೇಗ ಹೊರಹೋಗುವುದಿಲ್ಲ.

ಗಂಡಸು ಗಟ್ಟಿ ಎಂಬ ಮಾತೂ ನಿಲ್ಲುವುದಿಲ್ಲ. ಜಂತುಹುಳ ಕೊಲ್ಲಲು ಮಣ್ಣಿಗೆ ಹಾಕುತ್ತಿದ್ದ ಡಿಬಿಸಿಪಿ ಎಂಬ ವಿಷ ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಗಂಡಾಳುಗಳಿಗೆ ಮಕ್ಕಳಾಗುತ್ತಿಲ್ಲವೆಂದು 1977ರಲ್ಲಿ ಬಯಲಾಯಿತು.

ನಮ್ಮ ಕನ್ನಡ ನೆಲದ ಕಥೆಯೂ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟದ ತಪ್ಪಲಿನ ಊರಿನ 10ರಿಂದ 19 ವಯಸ್ಸಿನ 117 ಹುಡುಗರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. ವಿಷ ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ವರದಿ ಅಚ್ಚಾದದ್ದು 2003ರಲ್ಲಿ. ಸುಪ್ರೀಂ ಕೋರ್ಟ್ ಈ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ.

“ಡಬ್ಬಿಯ ಮೇಲೆ ಹಸಿರು ಗುರುತು ಐತಿ, ಚಿಂತಿಲ್ಲ” ಎನ್ನಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ನಿಗದಿಯಾಗುವುದು ಪ್ರಯೋಗದ ಪ್ರಾಣಿಗಳು ಎಷ್ಟು ವಿಷಕ್ಕೆ ಸಾಯುತ್ತವೆ ಎಂಬುದರ ಮೇಲೆ. ಗರ್ಭದ ಕೂಸಿಗೆ ನಿಧಾನವಾಗಿ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.

ನಿಪ್ಪಾಣಿ ಕಡೆಯ ತಂಬಾಕು ವಿಷವಾಗಲು ಎಣ್ಣೆಯೂ ಬೇಕಿಲ್ಲ. ಇಬ್ಬನಿ ಬಿದ್ದ ಹಸಿ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ಬಸುರಿಯಾದರೆ ಅದು ಗರ್ಭಕ್ಕೂ ಹೋಗುತ್ತದೆ.

ಆದ್ದರಿಂದ ನಮ್ಮ ಒತ್ತಾಯ:

1. ಎಣ್ಣೆ ಕಲಸಲು, ಹೊಡೆಯಲು, ಕೊಡ ತೊಳೆಯಲು 18 ತುಂಬದವರನ್ನು, ಬಸುರಿ-ಬಾಣಂತಿಯರನ್ನು ಕರೆಯಬಾರದು. ಅಪಾಯದ ಕೆಲಸಕ್ಕೆ 18ರೊಳಗಿನವರನ್ನು ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೇ ತಡೆದಿದೆ.

2. ಎಣ್ಣೆ ಹೊಡೆದ ಮೇಲೆ ಎರಡು ದಿನವಾದರೂ ಕಸ ತೆಗೆಯುವ ಆಳುಗಳನ್ನು ಇಳಿಸಬಾರದು. ಡಬ್ಬಿಯ ಚೀಟಿ ಹೆಚ್ಚು ದಿನ ಹೇಳಿದ್ದರೆ ಅಷ್ಟು ದಿನ.

3. ಬಸುರಿ ಎಂದು ತಿಳಿಸಿದ ಹೆಣ್ಣಾಳಿಗೆ ಬೇರೆ ಕೆಲಸ ಕೊಡಬೇಕು, ಪಗಾರ ಕಡಿಯಬಾರದು. ಪಗಾರ ಹೋಗುವ ಭಯ ಇರುವ ತನಕ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ.

4. ಹೊಡೆದು ಬಂದವರು ಮೈ ತೊಳೆಯದೆ ಕೂಸನ್ನು ಎತ್ತಬಾರದು. ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯಬಾರದು. ಖಾಲಿ ಡಬ್ಬಿ ಅಡುಗೆಮನೆ ಸೇರಬಾರದು.

5. ವಿಷವೇರಿದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಇದೆಲ್ಲ ಆಗದ ಮಾತು ಎನ್ನುವವರು ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳನ್ನು ನೆನೆಯಲಿ. ಅವರು ಸಂಘ ಕಟ್ಟಿ ಹೋರಾಡಿದ್ದನ್ನು ಯುಗಾಂತರ್ ಎಂಬ ಚಲನಚಿತ್ರ ತಂಡ 1982ರಲ್ಲಿ ಚಿತ್ರವಾಗಿಸಿತು. ಅವರಿಂದ ಆದದ್ದು ನಮ್ಮಿಂದಲೂ ಆದೀತು. ಮುಂದಿನ ಗ್ರಾಮಸಭೆಯಲ್ಲಿ ಈ ಐದನ್ನೂ ಠರಾವು ಮಾಡಿಸೋಣ, ಬನ್ನಿ.

ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ, ಮುಂದಿನವರಿಗೆ ಕೊಡಿರಿ.

— ಏಕಸಂಬಿ ಸುತ್ತಿನ ರೈತರು ಮತ್ತು ಕೂಲಿಕಾರರು